ಅಂತ ಹಚ್ಚು

ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವುದಕ್ಕೂ ಪುರಾವೆ ಕೊಡಬೇಕಾಗಿತ್ತು. ನೀನು ಉಂಡು ನೋಡಿ ಹೇಳುತ್ತಿದ್ದೀಯೋ, ಇಲ್ಲಾ ಅಕ್ಕ ಮುಖ ಕಿವುಚಿದ್ದನ್ನು ನೋಡಿ ಹೇಳುತ್ತಿದ್ದೀಯೋ ಎಂದು ಅಪ್ಪ ಕೇಳುತ್ತಿದ್ದರು. ಉಂಡು ನೋಡಿದ್ದರೆ ಅದು ಕಂಡದ್ದು. ಅಕ್ಕನ ಮುಖ ನೋಡಿ ಹೇಳಿದ್ದರೆ ಅದು ಎಣಿಸಿದ್ದು. ಅಕ್ಕ ಹೇಳಿದಳೆಂದು ನಾನೂ ಹೇಳಿದ್ದರೆ ಅದು ಬರೀ ಕೇಳಿದ್ದು. ಮನುಷ್ಯನಿಗೆ ಏನೇ ಗೊತ್ತಾದರೂ ಈ ಮೂರು ಬಾಗಿಲುಗಳಿಂದಲೇ ಒಳಗೆ ಬರಬೇಕು, ಮೂರನೆಯ ಬಾಗಿಲಿಗೆ ಮಾತ್ರ ಸದಾ ಕಾವಲು ಬೇಕು ಎಂಬುದು ಅವರ ಪಾಠ. ಇಷ್ಟೆಲ್ಲ ಇತ್ಯರ್ಥವಾಗುವಷ್ಟರಲ್ಲಿ ಸಾರು ಆರಿ ಹೋಗಿರುತ್ತಿತ್ತು. ಅವ್ವ ಒಳಗಿನಿಂದ ಉಪ್ಪಿನ ಡಬ್ಬಿ ತಂದು ನಮ್ಮ ನಡುವೆ ಕುಕ್ಕುತ್ತಿದ್ದಳು.

“ಉಪ್ಪು ಕಡಿಮಿ ಆಗಿದ್ರ ಹಾಕ್ಕೊಂಡ್ ಉಣ್ರಿ. ಅದಕ್ಕ ಕೋರ್ಟು ಕಚೇರಿ ಯಾಕ ಬೇಕು?”

ಶಿರಗುಪ್ಪಿಯಲ್ಲಿ ನಮ್ಮದು ಕಬ್ಬು, ದ್ರಾಕ್ಷಿ ಎರಡೂ ಬೆಳೆಯುವ ಮನೆ. ಹೊಲದ ಕೆಲಸವೆಲ್ಲ ಕಾಕಾನದು. ಅಪ್ಪ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದಾಗ ಇಡೀ ವರ್ಗ ಎದ್ದು ನಿಂತು ಹಳೆಯ ಉತ್ತರವನ್ನೇ ರಾಗವಾಗಿ ಹೇಳಿತಂತೆ. ಸಾಹೇಬರು ಅದಕ್ಕೆ ಶಾಭಾಸ್ ಎಂದರಂತೆ. ಇದು ಕಲಿಸುವುದಲ್ಲ, ಗಿಣಿ ಸಾಕುವುದು ಎಂದು ಅಪ್ಪ ಅಂದೇ ರಾಜೀನಾಮೆ ಬರೆದುಕೊಟ್ಟು ಬಂದರು. ಬರುವಾಗ ಆರನೆಯ ಇಯತ್ತೆಯಲ್ಲಿದ್ದ ನನ್ನನ್ನೂ ಒಂಬತ್ತರಲ್ಲಿದ್ದ ಅಕ್ಕ ಸುವರ್ಣಾಳನ್ನೂ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದರು. ಮಾಸ್ತರನ ತಲೆ ತಿರುಗಿದೆ ಎಂದು ಊರು ಮಾತಾಡಿತು. ಅವ್ವ ಮಾತ್ರ ಏನೂ ಅನ್ನಲಿಲ್ಲ, ಯಾಕೆಂದರೆ ಅವಳನ್ನು ಯಾರೂ ಕೇಳಿರಲಿಲ್ಲ.

ಮರುದಿನದಿಂದ ಪಡಸಾಲೆಯೇ ಶಾಲೆಯಾಯಿತು. ಬೆಳಗಿನ ರೊಟ್ಟಿ ತಿಂದು ಕೈ ತೊಳೆದರೆ ವರ್ಗ ಶುರು. ಅಪ್ಪ ನಡುಗಂಬಕ್ಕೆ ಬೆನ್ನು ಕೊಟ್ಟು ಕೂಡುತ್ತಿದ್ದರು, ಎದುರಿಗೆ ಚಾಪೆಯ ಮೇಲೆ ಅಕ್ಕ ಮತ್ತು ನಾನು. ಅವರ ತಲೆಯ ಮೇಲಿನ ಗೋಡೆಯಲ್ಲಿ ನೀಲಿ ಬಣ್ಣದಲ್ಲಿ ಅವರೇ ಬರೆದ ಗಾದೆ ಇತ್ತು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ದೀಪಾವಳಿಗೆ ಸುಣ್ಣ ಬಳಿಯುವಾಗ ಅಷ್ಟು ಜಾಗ ಬಿಟ್ಟೇ ಬಳಿಯಬೇಕು. ಲೆಕ್ಕ, ವ್ಯಾಕರಣ, ಇಂಗ್ಲಿಷು ಎಲ್ಲ ಮಧ್ಯಾಹ್ನಕ್ಕೆ. ಬೆಳಗಿನ ಹೊತ್ತು ಒಂದೇ ವಿಷಯ: ಗೊತ್ತು ಎಂದರೇನು? ಪುಸ್ತಕ ಇಲ್ಲ, ಬರೆಯುವುದು ಇಲ್ಲ, ಬರೀ ಮಾತು. ಚಿಕ್ಕೋಡಿಯಿಂದ ಬಂದ ಬಸ್ಸಿನ ಮೈಯೆಲ್ಲ ತೊಯ್ದಿದೆ, ನಮ್ಮೂರಲ್ಲಿ ಹನಿ ಬಿದ್ದಿಲ್ಲ, ಹಾಗಾದರೆ ಯಡೂರಿನ ಕಡೆ ಮಳೆಯಾಗಿದೆ ಎಂದು ನಾನು ಹೇಳಿದರೆ ಅಪ್ಪ ಅಕ್ಕನ ಕಡೆ ನೋಡುತ್ತಿದ್ದರು. ಡ್ರೈವರ್ ಬಸ್ಸು ತೊಳೆದಿರಬಾರದೇಕೆ ಎಂದು ಅಕ್ಕ ಕೇಳುತ್ತಿದ್ದಳು. ತೊಳೆದರೆ ಗಾಲಿಗೆ ಕೆಸರು ಹೇಗೆ ಹತ್ತಿತು ಎಂದು ನಾನು. ಹೀಗೆ ಒಂದು ಬಸ್ಸಿನ ಮೇಲೆ ಮೂರು ದಿನ ಜಗಳಾಡಿದ್ದುಂಟು. ನಾವು ಒಬ್ಬರ ಮಾತನ್ನೊಬ್ಬರು ಕಡಿಯುವಾಗ ಅಪ್ಪನ ಮುಖ ಅರಳುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬಹಳ ಸೇರುತ್ತಿತ್ತು. ಇವತ್ತಿಗೂ ನಾನು ಹೊಟ್ಟೆ ಹೊರೆಯುವುದು ಆ ಚಾಪೆಯ ಮೇಲೆ ಕಲಿತ ವಿದ್ಯೆಯಿಂದಲೇ. ಅಪ್ಪನ ಮೇಲಿನ ಸಿಟ್ಟು ಇನ್ನೂ ಆರದೆ ಇರುವುದಕ್ಕೆ ಅದೂ ಒಂದು ಕಾರಣ.

ಎಲ್ಲಕ್ಕಿಂತ ದೊಡ್ಡ ನಿಯಮ ‘ಅಂತ’ದ್ದು. ಬೇರೆ ಕಡೆ ‘ಬಂದನಂತೆ’ ಎನ್ನುವುದನ್ನು ನಮ್ಮ ಕಡೆ ‘ಬಂದಾನಂತ’ ಎನ್ನುತ್ತೇವೆ. ಕಣ್ಣಿಂದ ಕಾಣದೆ ಯಾರೋ ಹೇಳಿದ್ದನ್ನು ಹೇಳುವಾಗ ಕೊನೆಗೆ ಆ ‘ಅಂತ’ ಬರಲೇಬೇಕು. ನಮ್ಮ ಭಾಷೆಯ ಒಳಗೇ ನಮ್ಮ ಹಿರಿಯರು ಕಾವಲುಗಾರನನ್ನು ಇಟ್ಟು ಹೋಗಿದ್ದಾರೆ, ನಾವು ಮೈಗಳ್ಳರು ಅವನನ್ನು ಮಲಗಿಸಿಬಿಡುತ್ತೇವೆ ಎಂದು ಅಪ್ಪ ಹೇಳುತ್ತಿದ್ದರು. ಅವರ ಮುಂದೆ ಒಂದು ಹಿತ್ತಾಳೆ ಬಟ್ಟಲು, ಅದರಲ್ಲಿ ನಮ್ಮ ತೋಟದ್ದೇ ಒಣದ್ರಾಕ್ಷಿ. ವರ್ಗ ಶುರುವಾಗುವಾಗ ನಮಗೆ ಒಂದೊಂದು ಹಿಡಿ ಕೊಡುತ್ತಿದ್ದರು. ಮಾತಾಡುತ್ತ ತಿನ್ನುವಂತಿಲ್ಲ. ‘ಅಂತ’ ಬಿಟ್ಟು ಮಾತಾಡಿದರೆ ಒಂದು ದ್ರಾಕ್ಷಿ ಬಟ್ಟಲಿಗೆ ವಾಪಸು. ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಅಂಗೈ ಚಾಚುತ್ತಿದ್ದರು.

“ಅಂತ ಹಚ್ಚು.”

ಕಾಕಾ ಹೊಲದಿಂದ ಬಂದು ಯಡೂರಿನ ಕಡೆ ನೀರು ಬಂದಿದೆ ಎಂದರೆ ಅವನಿಗೂ ಅಂತ ಹಚ್ಚು. ಪಕ್ಕದ ಮನೆಯವರು ಇನ್ನಾರದೋ ಮನೆಗೆ ಬೀಗರು ಬಂದಿದ್ದಾರೆ ಎಂದರೆ ಅವರಿಗೂ ಅಂತ ಹಚ್ಚು. ಮನೆಗೆ ಬರುವ ಜನ ಬಾಗಿಲಲ್ಲೇ ಮಾತು ಮುಗಿಸಿ ಹೋಗತೊಡಗಿದರು. ಒಮ್ಮೆ ಅವ್ವ ಅಪ್ಪನಿಗೆ, ನಿಮ್ಮವ್ವ ನಿಮ್ಮನ್ನು ಅಮಾವಾಸ್ಯೆಯ ದಿನ ಹಡೆದಳು ಎಂದಳು. ಅಪ್ಪ ನಗುತ್ತ ಅಂಗೈ ಚಾಚಿದರು. ಅವ್ವನ ಕೈಯಲ್ಲಿ ದ್ರಾಕ್ಷಿ ಇರಲಿಲ್ಲ, ಆ ಆಟದಲ್ಲಿ ಅವಳಿಗೆ ಎಂದೂ ಪಾಲು ಕೊಟ್ಟಿರಲಿಲ್ಲ. ಹಿಟ್ಟು ಹತ್ತಿದ ಕೈಯನ್ನೇ ಅವರ ಅಂಗೈಗೆ ಒರೆಸಿ ಒಳಗೆ ಹೋದಳು.

ಹೀಗೆ ನಾಲ್ಕು ವರ್ಷ ನಡೆಯಿತು. ಅಕ್ಕನಿಗೆ ಹದಿನೆಂಟು ತುಂಬಿತು. ಅವಳು ನನಗಿಂತ ಎಷ್ಟೋ ಚುರುಕು, ಅಪ್ಪನ ಮಾತಿನಲ್ಲೇ ಬಿರುಕು ಹುಡುಕುವವಳು. ಒಂದು ದಿನ ವರ್ಗದಲ್ಲಿ ತನಗೆ ಬೇಕಾದದ್ದನ್ನು ನೇರವಾಗಿ ಕೇಳಿದಳು.

“ಹೊರಗಿಂದ ಎಸ್ಸೆಸ್ಸೆಲ್ಸಿ ಪರೀಕ್ಷಾ ಕಟ್ಟತೀನ್ರಿ ಅಪ್ಪಾ. ಅಥಣಿ ಕಾಲೇಜಿಗೆ ಹೋಗಬೇಕು.”

“ನಿನಗ ಏನ್ ಗೊತ್ತೈತಿ ಅನ್ನೂದನ್ನ ಮಂದಿ ಹೇಳಬೇಕೇನು?”

“ಈ ಪಡಸಾಲಿ ಹೊರಗೂ ನಾ ಇರಬೇಕಲ್ರಿ. ಅಲ್ಲೆ ಮಂದೀನ ಹೇಳಬೇಕು.”

“ಮತ್ತ ಗಿಣಿ ಆಗ್ತಿ?”

“ಒಂದ್ ವರ್ಸ ಗಿಣಿ ಆಗ್ತೀನಿ. ಆಮ್ಯಾಲ ಹಾರ್ತೀನಿ.”

ನಾನು ನಕ್ಕೆ. ಅಪ್ಪ ನಗಲಿಲ್ಲ. ನಾಳೆ ಮಾತಾಡೋಣ ಎಂದರು. ಆ ನಾಳೆ ಬರಲೇ ಇಲ್ಲ. ಎರಡು ತಿಂಗಳು ಅಕ್ಕ ದಿನಾ ಕೇಳಿದಳು, ಅವರು ದಿನಾ ಬೇರೆ ವಿಷಯ ತೆಗೆದರು. ಪ್ರಶ್ನೆ ಕೇಳುವುದೇ ವಿದ್ಯೆ ಎಂದು ಕಲಿಸಿದ ಮನುಷ್ಯ ಮಗಳ ಒಂದು ಪ್ರಶ್ನೆಗೆ ಹೀಗೆ ಕಳ್ಳ ಬೀಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಇದು ಕಂಡದ್ದು, ಕೇಳಿದ್ದಲ್ಲ.

ಕೊನೆಗೆ ಅಕ್ಕ ತಾನೇ ಹೊರಟಳು. ಯಡೂರಿಗೆ ಹೋಗಿ ವೀರಭದ್ರನಿಗೆ ಕಾಯಿ ಒಡೆಸಿಕೊಂಡು ಬರುತ್ತೇನೆ ಎಂದು ಅವ್ವನಿಗೆ ಹೇಳಿದಳು. ಅದು ಖರೆಯೇ, ಹೋಗಿ ಕಾಯಿ ಒಡೆಸಿದಳು, ಅರ್ಧ ಹೋಳು ಮನೆಗೆ ತಂದಳು. ಆದರೆ ಯಡೂರಿನಿಂದ ಮುಂದೆ ಬಸ್ಸು ಹಿಡಿದು ಚಿಕ್ಕೋಡಿಗೂ ಹೋಗಿದ್ದಳು, ಪರೀಕ್ಷೆಯ ಅರ್ಜಿ ತರಲಿಕ್ಕೆ. ಹೋಗುವ ಮೊದಲು ನನಗೊಬ್ಬಳಿಗೆ ಹೇಳಿದ್ದಳು. ಬಂದ ಮೇಲೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತ ಎಲ್ಲವನ್ನೂ ಹೇಳಿದಳು. ಕಚೇರಿಯಲ್ಲಿ ಶಾಲೆಯ ದಾಖಲೆ ಬೇಕು, ತಂದೆಯ ಸಹಿ ಬೇಕು, ಅವನ್ನು ತಂದರೆ ಅರ್ಜಿ ಕೊಡುತ್ತೇವೆ ಎಂದರು. ಏನೇನು ಕಾಗದ ಬೇಕೆಂದು ಹೊರಗೆ ಮರದ ಕೆಳಗೆ ಅರ್ಜಿ ಬರೆದುಕೊಡುವ ಒಬ್ಬರನ್ನು ಕೇಳಿದ್ದಾಳೆ. ಅವರು ಚೀಟಿಯಲ್ಲಿ ಬರೆದುಕೊಟ್ಟು, ಝೆರಾಕ್ಸ್ ಅಂಗಡಿ ತೋರಿಸಲು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದಿದ್ದಾರೆ. ಆ ಚೀಟಿ ಬಸ್ಸಿನ ನೂಕುನುಗ್ಗಲಿನಲ್ಲಿ ಎಲ್ಲೋ ಬಿದ್ದುಹೋಗಿತ್ತು. ಇರಲಿ, ನನಗೆಲ್ಲ ಬಾಯಿಪಾಠ ಆಗಿದೆ, ಅಪ್ಪನ ಸಹಿ ಒಂದು ಗಿಟ್ಟಿಸಿದರೆ ಸಾಕು ಎಂದು ಅಕ್ಕ ಸೀರೆ ಹಿಂಡುತ್ತ ಹೇಳಿದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಆಮೇಲೆ ನೋಡಿಲ್ಲ.

ಎಂಟು ದಿನದ ಮೇಲೆ ನಿಪ್ಪಾಣಿಯಿಂದ ಅತ್ತಿ ಬಂದಳು. ಅತ್ತಿ ಅಪ್ಪನ ತಂಗಿ. ಮರಾಠಿ ಮನೆಗೆ ಸೇರಿ ಅವಳ ಕನ್ನಡ ಅರ್ಧಕ್ಕರ್ಧ ಮರಾಠಿಯಾಗಿತ್ತು, ತವರಿಗೆ ಬಂದರೂ ಮಹತ್ವದ ಮಾತು ಮರಾಠಿಯಲ್ಲೇ ಬರುತ್ತಿತ್ತು. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ದನಿ ತಗ್ಗಿಸಿ ಅಪ್ಪನಿಗೆ ಹೇಳಿದಳು. ನಾನು ಅಲ್ಲೇ ಚುರಮುರಿಯಲ್ಲಿನ ಕಸ ಆರಿಸುತ್ತಿದ್ದೆ.

“ದಾದಾ, ಸುವರ್ಣಾ ಚಿಕೋಡಿಲಾ ದಿಸ್ಲಿ ಮ್ಹಣೆ. ಏಕಾ ಮಾಣಸಾಬರೋಬರ.”

ಸುವರ್ಣಾ ಚಿಕ್ಕೋಡಿಯಲ್ಲಿ ಕಂಡಳಂತೆ, ಒಬ್ಬ ಗಂಡಸಿನ ಜೊತೆ. ಅತ್ತಿಯ ನೆರೆಮನೆಯವಳು ಬಸ್ಸಿನ ಕಿಟಕಿಯಿಂದ ಕಂಡು ಅತ್ತಿಗೆ ಹೇಳಿದ್ದು. ಮರಾಠಿಯ ‘ಮ್ಹಣೆ’ ಎಂದರೆ ನಮ್ಮ ‘ಅಂತ’, ಗಡಿಯಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು. ನಮ್ಮ ಮನೆಯಲ್ಲಿ ಇವತ್ತಿಗೂ ಎಲ್ಲರೂ ಅತ್ತಿಯನ್ನೇ ಬೈಯುತ್ತಾರೆ, ಚಾಡಿ ಹೇಳಿ ಹುಡುಗಿಯ ಬಾಳಿಗೆ ಬೆಂಕಿ ಇಟ್ಟಳು ಎಂದು. ನಾನು ಬೈಯುವುದಿಲ್ಲ. ಅತ್ತಿ ಶಾಲೆಯ ಮುಖ ನೋಡಿದವಳಲ್ಲ, ಜ್ಞಾನದ ಮೂರು ಬಾಗಿಲು ಅವಳಿಗೆ ಗೊತ್ತಿಲ್ಲ, ಆದರೂ ಹಚ್ಚಬೇಕಾದಲ್ಲಿ ಹಚ್ಚಿಯೇ ಹೇಳಿದಳು. ಸಂಜೆ ಕಾಕಾ ಹೊಲದಿಂದ ಬಂದಾಗ ಅಪ್ಪ ಅದೇ ಮಾತನ್ನು ಕನ್ನಡದಲ್ಲಿ ಹೇಳಿದರು.

“ಸುವರ್ಣಾ ಚಿಕ್ಕೋಡ್ಯಾಗ ಒಬ್ಬ ಗಂಡಸಿನ ಜೋಡಿ ಇದ್ಲು.”

ಇದ್ದಳಂತೆ ಅಲ್ಲ. ಇದ್ಲು. ನಿಪ್ಪಾಣಿಯಿಂದ ಜೋಪಾನವಾಗಿ ಬಂದ ಆ ಒಂದು ಪದವನ್ನು ನಮ್ಮ ಅಪ್ಪ ತಮ್ಮ ಸ್ವಂತ ಬಾಯಿಂದ ಕಿತ್ತು ಎಸೆದರು. ನಾನು ಅವರ ಮುಖವನ್ನೇ ನೋಡಿದೆ. ಯಾರಾದರೂ ಅಂಗೈ ಚಾಚಬೇಕಿತ್ತು. ನನ್ನ ಕೈ ಚುರಮುರಿಯ ಮೊರದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ವರ್ಗ ನಡೆಯಿತು. ಹೌದು, ಅದನ್ನೂ ವರ್ಗವನ್ನಾಗಿಯೇ ಮಾಡಿದರು, ಅದಕ್ಕೇ ನನಗೆ ಹೆಚ್ಚು ಸಿಟ್ಟು. ಸಿಟ್ಟಿನಲ್ಲಿ ಎರಡು ಏಟು ಹೊಡೆದಿದ್ದರೆ ಮರೆಯಬಹುದಾಗಿತ್ತೋ ಏನೋ. ಅವರು ಕಂಬಕ್ಕೆ ಬೆನ್ನು ಕೊಟ್ಟು, ಬಟ್ಟಲು ಮುಂದಿಟ್ಟುಕೊಂಡು, ಇಬ್ಬರಿಗೂ ಹಿಡಿ ಹಿಡಿ ದ್ರಾಕ್ಷಿ ಕೊಟ್ಟು ಶಾಂತವಾಗಿ ಕೇಳತೊಡಗಿದರು. ಅಕ್ಕ ಅಳುಕಲಿಲ್ಲ. ಹಿತ್ತಲಿನಲ್ಲಿ ನನಗೆ ಹೇಳಿದ್ದನ್ನೇ ಒಂದಕ್ಷರ ಬಿಡದೆ ಹೇಳಿದಳು. ಅರ್ಜಿ ಎಲ್ಲಿದೆ ಎಂದರು. ಕೊಡಲಿಲ್ಲ ಎಂದಳು. ಚೀಟಿ ಎಲ್ಲಿದೆ ಎಂದರು. ಬಿದ್ದುಹೋಯಿತು ಎಂದಳು. ಯಡೂರಿಗೆ ಎಂದು ಹೇಳಿ ಚಿಕ್ಕೋಡಿಗೆ ಹೋದವಳು ಮತ್ತೇನು ಮುಚ್ಚಿಟ್ಟಿದ್ದಾಳೆ ಎಂದು ಎಣಿಸಬಹುದಲ್ಲವೇ ಎಂದರು. ಅನುಮಾನ ಎಂದರೆ ಸಂಶಯ ಪಡುವುದಲ್ಲ, ಹೊಗೆ ಕಂಡು ಬೆಂಕಿ ಎಣಿಸುವುದು ಎಂದು ನಮಗೆ ಪಾಠ ಹೇಳಿದ ಮನುಷ್ಯ! ಮಗಳ ವಿಷಯ ಬಂದಾಗ ಅನುಮಾನ ಎನ್ನುವುದು ಬೀದಿಯ ಜನರ ಅನುಮಾನವೇ ಆಗಿಬಿಟ್ಟಿತು. ಅವ್ವ ಆ ದಿನ ಮೊದಲ ಸಲ ಚಾಪೆಯ ಹತ್ತಿರ ಬಂದು ನಿಂತಳು.

“ನನ್ನ ಮಗಳು ಸುಳ್ಳು ಹೇಳಂಗಿಲ್ರಿ.”

“ಹೆಂಗ ಗೊತ್ತು?”

“ನಾ ಹಡದೀನಿ. ನನಗ ಗೊತ್ತೈತಿ.”

“ಅದು ಪುರಾವೆ ಅಲ್ಲ.”

“ನಿಮ್ಮ ತಂಗಿ ಹೇಳಿದ್ದು ಪುರಾವೇನು? ಹೇಳೂದು ಆಚಾರ, ತಿನ್ನೂದು ಬದನಿಕಾಯಿ!”

ಅಪ್ಪ ನನ್ನ ಕಡೆ ತಿರುಗಿದರು. ನನಗೆ ಹದಿನೈದು. ಅಪ್ಪ ನನ್ನನ್ನು ಕೇಳುತ್ತಿದ್ದಾರೆ, ನನ್ನ ಉತ್ತರಕ್ಕೆ ಬೆಲೆ ಇದೆ ಎಂಬ ಹೆಮ್ಮೆ ಆ ಹೊತ್ತಿನಲ್ಲೂ ನನಗಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇತ್ತು.

“ಗಿರಿಜಾ, ನಿನಗೇನ್ ಗೊತ್ತೈತಿ ಹೇಳು.”

“ಅಕ್ಕ ಅರ್ಜಿ ತರಾಕ ಹೋಗಿದ್ಲು.”

“ನೀ ಜೋಡಿ ಹೋಗಿದ್ಯೇನು?”

“ಇಲ್ರಿ.”

“ನೀ ನೋಡಿಯೇನು?”

“ಇಲ್ರಿ. ಅಕ್ಕ ಹೇಳಿದ್ಲು.”

ಅವರು ಅಂಗೈ ಚಾಚಿದರು. ನಾನು ದ್ರಾಕ್ಷಿ ಕೊಡಲಿಲ್ಲ. ನನ್ನ ಮಾತನ್ನು ತಿದ್ದಿಕೊಂಡೆ.

“ಹೋಗಿದ್ಲಂತ.”

“ಅಂತ ಅಂದ್ರ ನಿನಗ ಗೊತ್ತಿಲ್ಲ.”

ಅಷ್ಟೇ. ವರ್ಗ ಮುಗಿಯಿತು. ಅಕ್ಕ ನನ್ನ ಕಡೆ ನೋಡಿದಳು. ತನ್ನ ಪಾಲಿನ ದ್ರಾಕ್ಷಿಯನ್ನು ಚಾಪೆಯ ಮೇಲೇ ಬಿಟ್ಟು ಎದ್ದು ಹೋದಳು. ನನ್ನ ಹಿಡಿಯಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಅವನ್ನು ಆಮೇಲೆ ಹಿತ್ತಲಿನಲ್ಲಿ ನಿಂತು ತಿಂದೆ.

ಮೂರು ತಿಂಗಳೊಳಗೆ ರಾಯಬಾಗದ ಕಡೆಯಿಂದ ಸಂಬಂಧ ಬಂದು ಅಕ್ಕನ ಲಗ್ನವಾಯಿತು. ಬೇಡ ಎಂದು ಅವಳು ಒಮ್ಮೆ ಹೇಳಿದಳು, ಎರಡನೆಯ ಸಲ ಹೇಳಲಿಲ್ಲ. ಬೀಗರ ಗಾಡಿ ಹತ್ತುವ ಮುಂಚೆ ಎಲ್ಲರೂ ಅಳುತ್ತಿರುವಾಗ ಅವಳು ಒಣಗಣ್ಣಿನಲ್ಲಿ ನನ್ನ ತಲೆ ನೇವರಿಸಿ ಒಂದೇ ಮಾತು ಹೇಳಿದಳು.

“ಪಾಠ ಚೊಲೋ ಕಲ್ತಿ, ಗಿರ್ಜಾ.”

ಭಾವ ಒಳ್ಳೆಯ ಮನುಷ್ಯ, ಮನೆ ಒಳ್ಳೆಯದು, ಅಕ್ಕ ಸುಖವಾಗಿದ್ದಾಳೆ, ಮತ್ಯಾಕೆ ಆ ಹಳೇ ಮಾತು ಎಂದು ನನ್ನ ಬಾಯಿ ಮುಚ್ಚಿಸುವವರು ಬಹಳ. ಅವಳಿಗೆ ಸುಖವಿದೆಯೋ ಇಲ್ಲವೋ ಅದಲ್ಲ ಮಾತು. ಅವಳು ಖರೆ ಹೇಳಿದಳು, ಅವಳ ಮನೆಯವರೇ ನಂಬಲಿಲ್ಲ. ಅದನ್ನು ಯಾವ ಒಳ್ಳೆಯ ಭಾವನೂ ವಾಪಸು ತಂದುಕೊಡಲಾರ. ಇನ್ನೂ ಕೇಳಿ. ಎರಡು ವರ್ಷದ ಮೇಲೆ ನಾನು ಪರೀಕ್ಷೆ ಬರೆಯುತ್ತೇನೆ ಎಂದಾಗ ಅಪ್ಪ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅರ್ಜಿ ತರಲು ತಾವೇ ಚಿಕ್ಕೋಡಿಗೆ ಹೋದರು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಸಹಿ ಮಾಡಿದರು. ಅಕ್ಕ ಕೇಳಿದ್ದು ಅದೇ ಸಹಿ. ಶಾಲೆಯ ದಾಖಲೆ, ತಂದೆಯ ಸಹಿ: ಅವಳು ಹಿತ್ತಲಿನಲ್ಲಿ ಹೇಳಿದ್ದ ಕಾಗದಗಳನ್ನೇ ಆ ಅರ್ಜಿಯಲ್ಲೂ ಕೇಳಿದ್ದರು. ಅದನ್ನು ಅಪ್ಪನಿಗೆ ಹೇಳಬೇಕೆಂದು ಹೋಗಿ ಕಂಬದ ಹತ್ತಿರ ನಿಂತೆ. ಅವರು ತಲೆ ಎತ್ತಿ ಏನು ಎಂದರು. ಸಹಿ ಎಲ್ಲಿ ಕಿತ್ತುಕೊಳ್ಳುತ್ತಾರೋ ಎಂಬ ಹೆದರಿಕೆಗೆ ಏನಿಲ್ಲ ಎಂದು ಬಂದೆ. ಅಕ್ಕ ಹೋಗಬೇಕಾಗಿದ್ದ ಅಥಣಿಯ ಕಾಲೇಜಿಗೆ ನಾನು ಹೋದೆ.

ಈಗ ಆ ಪಡಸಾಲೆಯಲ್ಲಿ ನಾನು ಕಲಿಸುತ್ತೇನೆ. ಕಾಗವಾಡ, ಐನಾಪುರದ ಕಡೆಯಿಂದ ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಐದು ಜನ ಹುಡುಗ ಹುಡುಗಿಯರು ವಾರಕ್ಕೆ ಮೂರು ದಿನ ಬರುತ್ತಾರೆ. ಚಾಪೆ ಹೋಗಿ ಕುರ್ಚಿ ಬಂದಿವೆ, ಗೋಡೆಯ ನೀಲಿ ಅಕ್ಷರ ಹಾಗೇ ಇವೆ. ಅಪ್ಪನಿಗೆ ವಯಸ್ಸಾಗಿದೆ, ಮೂಲೆಯ ಆರಾಮ ಕುರ್ಚಿಯಲ್ಲಿ ಕೂತು ಕೇಳುತ್ತಾರೆ. ಮಕ್ಕಳಿಗೆ ಅವರೆಂದರೆ ಪ್ರಾಣ. ಹಿತ್ತಾಳೆ ಬಟ್ಟಲನ್ನು ಅಟ್ಟದಿಂದ ಹುಡುಕಿ ಇಳಿಸಿ ತೊಳೆದು ಇಟ್ಟವರೂ ಅವರೇ, ಆಟವನ್ನು ಮಕ್ಕಳಿಗೆ ಹೇಳಿಕೊಟ್ಟವರೂ ಅವರೇ. ನಾನು ಬೇಡ ಎನ್ನಬೇಕಿತ್ತು. ಹೋದ ವಾರ, ಬರೀ ಕೇಳಿದ್ದು ಜ್ಞಾನವೇ ಎಂಬುದರ ಮೇಲೆ ಚರ್ಚೆ ನಡೆದಿತ್ತು. ಐನಾಪುರದ ಪ್ರಜ್ಞಾ ಎಂಬ ಹುಡುಗಿ, ಅವಳ ತಾಯಿ ಬ್ಯಾಂಕಿನಲ್ಲಿದ್ದಾಳೆ, ಕುರ್ಚಿಯ ತುದಿಗೆ ಬಂದು ಕೂತು ವಾದಕ್ಕೆ ಇಳಿದಳು.

“ನಾ ಹುಟ್ಟಿದ ದಿನ ನಮ್ಮವ್ವ ಹೇಳ್ಯಾಳ್ರಿ ಮ್ಯಾಡಂ. ನಾ ಏನ್ ನೋಡೀನೇನು? ಹಂಗಾದ್ರ ನಾ ಹುಟ್ಟಿದ್ದು ನನಗ ಗೊತ್ತಿಲ್ಲ ಅನ್ನಬೇಕೇನ್ರಿ?”

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಅವಳು ಅಷ್ಟಕ್ಕೆ ಬಿಡದೆ ಅವರ ಕಡೆ ತಿರುಗಿದಳು.

“ಅಜ್ಜಾರ, ನೀವು ಇಬ್ಬರು ಮಕ್ಕಳಿಗೂ ಹಿಂಗ ಕಲಿಸಿದ್ರಿ ಅಂತ. ದೊಡ್ಡಾಕಿ ಏನ್ ಮಾಡ್ತಾರ್ರಿ?”

“ಆಕಿ ಓದಾಕ ಒಲ್ಲೆ ಅಂದ್ಲವಾ. ಮನಸ್ಸಿರಲಿಲ್ಲ. ಲಗ್ನ ಆದ್ಲು.”

ಎಷ್ಟು ಸಲೀಸಾಗಿ ಹೇಳಿದರು! ಇಷ್ಟು ವರ್ಷದಲ್ಲಿ ಅವರೊಳಗೆ ಆ ಮಾತೇ ಖರೆಯಾಗಿ ಬೆಳೆದು ನಿಂತುಬಿಟ್ಟಿತ್ತು. ಅವರ ಮುಂದೆ ಹೋಗಿ ನಿಂತು ಅಂಗೈ ಚಾಚಿದೆ.

“ಅಂತ ಹಚ್ರಿ, ಅಪ್ಪಾ.”

“ಏನವಾ?”

“ಒಲ್ಲೆ ಅಂತ ಆಕಿ ಅಂದದ್ದನ್ನ ಯಾರು ಕೇಳ್ಯಾರ? ಆಕಿ ಚಿಕ್ಕೋಡಿಗೆ ಅರ್ಜಿ ತರಾಕ ಹೋಗಿದ್ಲು.”

ಮಕ್ಕಳು ಇದೂ ಆಟವೆಂದು ತಿಳಿದು ನಗುತ್ತ ನೋಡುತ್ತಿದ್ದರು. ಅಪ್ಪ ಆ ಬೆಳಗನ್ನು ಮರೆತಿದ್ದಾರೆ ಎಂದು ಇಷ್ಟು ವರ್ಷ ಎಣಿಸಿದ್ದೆ. ಮರೆತಿರಲಿಲ್ಲ, ಯಾಕೆಂದರೆ ಬಾಯಿಂದ ಬಂದದ್ದು ಅದೇ ಪ್ರಶ್ನೆ.

“ನೀ ನೋಡಿಯೇನು?”

“ಇಲ್ಲ, ನಾ ನೋಡಿಲ್ಲ. ನಮ್ಮಕ್ಕ ಹೇಳ್ಯಾಳ. ನನಗ ಗೊತ್ತೈತಿ.”

ಅವರ ಅಂಗೈ ತಾನಾಗಿ ಮುಂದೆ ಬಂತು. ಒಂದು ದ್ರಾಕ್ಷಿ ಕೊಡಬೇಕು, ಇಲ್ಲಾ ಮಾತು ತಿದ್ದಿಕೊಳ್ಳಬೇಕು. ಮೇಜಿನ ಮೇಲಿದ್ದ ನನ್ನ ಪಾಲನ್ನು ಹಿಡಿಯಲ್ಲಿ ಬಾಚಿ ತಂದು ಅಷ್ಟನ್ನೂ ಆ ಕೈಗೆ ಸುರಿದೆ. ಹಿಡಿಸದೆ ನೆಲಕ್ಕೂ ಚೆಲ್ಲಿದವು.

“ಹೋಗಿದ್ಲು,” ಎಂದೆ.